ಮೇಸ್ತ್ರಿ ತಲೆಯೊಳಗಿನ ಗೋಡೌನು

“ಅಕ್ಕಾ, ಶನಿವಾರ ಫ್ರೀ ಇದ್ದೀಯಾ? ಒಂದು ಡೆಮೋ ಇದೆ. ನೀನು ಬಂದು ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು.”

ಚಿಕ್ಕಪ್ಪನ ಮಗ ಹೀಗೆ ಫೋನ್ ಮಾಡಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ನಾನು ಏನು ಕೆಲಸ ಮಾಡ್ತೀನಿ ಅನ್ನೋದು ನಮ್ಮ ಮನೆಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅಮ್ಮ ಕೇಳಿದವರಿಗೆಲ್ಲ “ಕಂಪ್ಯೂಟರ್‌ನಲ್ಲಿ ಏನೋ ಮೀಟಿಂಗು” ಅಂತಾಳೆ. ನಾನು ಮಾಡೋದು ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಬೇಕು ಅಂತ ಒಪ್ಪಿಸುವ ಕೆಲಸ. ಅಂಥವಳನ್ನೇ ಕರೆದು “ನಮಗೆ ಸಾಫ್ಟ್‌ವೇರ್ ಬೇಕಾ ಬೇಡ್ವಾ ಹೇಳು” ಅಂದರೆ ಉತ್ತರ ಏನಿರುತ್ತೆ? ಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡೇ ಮೆಟ್ರೋ ಹತ್ತಿದೆ.

2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ತುಂಡು ಕೂಡಿಕೊಂಡಿತಲ್ಲ, ಆಮೇಲೆ ವಿಜಯನಗರದಲ್ಲಿ ಹತ್ತಿ ಕೂತರೆ ಬೆನ್ನಿಗಾನಹಳ್ಳಿವರೆಗೆ ಏಳೋ ಹಾಗೇ ಇಲ್ಲ. ಅಲ್ಲಿ ಇಳಿದರೆ ಟಿನ್ ಫ್ಯಾಕ್ಟರಿ. ಹೆಸರಲ್ಲಿ ಇರೋ ಟಿನ್ನನ್ನು ನಾನಂತೂ ಅಲ್ಲಿ ಕಂಡಿಲ್ಲ. ಕೋಲಾರ, ಮುಳಬಾಗಿಲು ಕಡೆ ಹೋಗೋ ಬಸ್ಸಿಗೆ ಕಾಯುವವರು, ರಿಂಗ್ ರೋಡ್ ಆಫೀಸುಗಳಿಗೆ ಹೋಗೋ ಕ್ಯಾಬು, ಮೇಲೆ ಹೊಸ ಮೆಟ್ರೋ ಲೈನಿನ ಕಂಬಗಳು, ಅತ್ತ ತೂಗುಸೇತುವೆ. ಇವೆಲ್ಲ ಸೇರಿ ಒಂದೇ ಸಿಗ್ನಲ್ಲಿನಲ್ಲಿ ಹಾರನ್ ಹೊಡೆಯೋ ಜಾಗ ಅದು.

ಅಲ್ಲಿಂದ ಒಳಗೆ ಎರಡು ತಿರುವು ಹೋದರೆ ಚಿಕ್ಕಪ್ಪನ ಗೋಡೌನು. ಬಿ.ವಿ.ಕೆ. ಅಯ್ಯಂಗಾರ್ ರೋಡಿನ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಿದ್ದ ಚಿಕ್ಕಪ್ಪ, ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟು ಏಳೋಕೆ ಶುರುವಾದಾಗ ಇಲ್ಲಿಗೆ ಬಂದು ಸ್ವಂತ ಹೋಲ್‌ಸೇಲ್ ಶುರುಮಾಡಿದರು. ವೈರು, ಪಿವಿಸಿ ಪೈಪು, ಬೆಂಡು, ಸ್ವಿಚ್ಚು, ಎಂಸಿಬಿ, ಫ್ಯಾನು. ಹೆಚ್ಚುಕಡಿಮೆ 1,800 ಬಗೆಯ ಸಾಮಾನು. ತಗಡಿನ ಮಾಡು, ಒಂದು ಕಡೆ ಕಬ್ಬಿಣದ ರ್‍ಯಾಕು, ಇನ್ನೊಂದು ಕಡೆ ನೆಲದ ಮೇಲೇ ಕಾರ್ಟನ್ನಿನ ಗುಡ್ಡ. (ಗೋಡೌನ್ ಅನ್ನೋದು ಅಪ್ಪಟ ಇಂಗ್ಲಿಷ್ ಪದ ಅಂದ್ಕೊಂಡಿದ್ದೆ. ಮಲಯ ಭಾಷೆಯ ‘ಗುಡಾಂಗ್’ನಿಂದ ಬಂದದ್ದಂತೆ. ನಮ್ಮ ‘ಉಗ್ರಾಣ’ ಮಾತ್ರ ಮದುವೆ ಛತ್ರದಲ್ಲಿ ಉಳಿದುಕೊಂಡಿದೆ.)

ಈ ಗೋಡೌನಿನಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಿದ್ದದ್ದು ಒಬ್ಬರಿಗೆ, ಮೇಸ್ತ್ರಿಗೆ. ಮುಳಬಾಗಿಲಿನ ಕಡೆಯವರು. ಚಿಕ್ಕಪ್ಪ ಶಟರ್ ಎತ್ತಿದ ಮೊದಲ ದಿನದಿಂದ ಇದ್ದಾರೆ. ಹೆಸರು ಹಿಡಿದು ಅವರನ್ನು ಯಾರೂ ಕರೆಯಲ್ಲ, ಚಿಕ್ಕಪ್ಪನೂ ಮೇಸ್ತ್ರಿ ಅಂತಾರೆ, ಅವರ ಹೆಂಡತಿಯೂ ಫೋನಿನಲ್ಲಿ “ಮೇಸ್ತ್ರಿ ಅವ್ರಾ?” ಅಂತಲೇ ಕೇಳ್ತಾರೆ.

ಡೆಮೋ ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪ್ ಹುಡುಗ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ, ಸೆಖೆಗೆ ಪಾಪ ಬೆವೆತುಹೋದ. ಪರದೆ ಮೇಲೆ ಗೋಡೌನಿನ ನಕ್ಷೆ. ಪ್ರತಿ ರ್‍ಯಾಕಿಗೂ ‘ಎ-01-ಬಿ-03’ ಥರದ ವಿಳಾಸ. ಮಾಲು ಬಂದರೆ ಸ್ಕ್ಯಾನು, ಇಟ್ಟರೆ ಸ್ಕ್ಯಾನು, ತೆಗೆದರೆ ಸ್ಕ್ಯಾನು. ಯಾವ ಆರ್ಡರಿಗೆ ಯಾವ ದಾರಿಯಲ್ಲಿ ನಡೆದು ಯಾವುದನ್ನು ಮೊದಲು ಎತ್ತಬೇಕು ಅಂತ ಫೋನೇ ಹೇಳುತ್ತೆ. ಸ್ಕ್ಯಾನರು, ಲೇಬಲ್ ಪ್ರಿಂಟರು, ಅಳವಡಿಸೋ ಖರ್ಚು, ತಿಂಗಳ ಬಾಡಿಗೆ ಎಲ್ಲ ಸೇರಿ ಮೊದಲ ವರ್ಷಕ್ಕೆ 4 ಲಕ್ಷದ ಹತ್ತಿರ. ಚಿಕ್ಕಪ್ಪ ಮುಖದಲ್ಲಿ ಏನನ್ನೂ ತೋರಿಸದೆ ಟೀ ಕುಡಿದರು. ಮೇಸ್ತ್ರಿ ಬಾಗಿಲ ಹತ್ತಿರ ನಿಂತು, ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

ನಾನು ಒಂದೇ ಪ್ರಶ್ನೆ ಕೇಳಿದೆ: “ಡೇಟಾ ಹೇಗೆ ಹಾಕ್ತೀರಾ?”

“ನಿಮ್ಮ ಟ್ಯಾಲಿಯಿಂದ ಐಟಂ ಲಿಸ್ಟ್ ಎಕ್ಸೆಲ್‌ನಲ್ಲಿ ಕೊಟ್ಬಿಡಿ ಮೇಡಂ, ಹಾಗೇ ಅಪ್‌ಲೋಡ್ ಮಾಡ್ಬಿಡ್ತೀವಿ.”

ಈ ‘ಹಾಗೇ’ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಆಮೇಲೆ ತಮ್ಮ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ನಿಜ ವಿಷಯ ಹೇಳಿದ. ಮಾರ್ಚ್ ಸ್ಟಾಕ್ ಎಣಿಸಿದಾಗ ಒಂದೂವರೆ ಸ್ಕ್ವೇರ್ ಎಂಎಂ ವೈರಿನಲ್ಲಿ 14 ಕಾಯಿಲ್ ಕಮ್ಮಿ. ತಾಮ್ರದ ರೇಟು ಗೊತ್ತಲ್ಲ. “ಅಪ್ಪನ ಮುಂದೆ ಬಾಯಿಬಿಟ್ಟು ಹೇಳಕ್ಕಾಗಲ್ಲ ಅಕ್ಕ. ಸ್ಕ್ಯಾನಿಂಗ್ ಬಂದ್ರೆ ಯಾರು ಮುಟ್ಟಿದ್ರು ಅಂತ ತಾನೇ ಗೊತ್ತಾಗುತ್ತೆ.” ಅವನು ಹೆಸರು ಹೇಳಲಿಲ್ಲ. ಆದರೆ ಹೇಳುವಾಗ ಅವನ ಕಣ್ಣು ಗೋಡೌನಿನ ಬಾಗಿಲ ಕಡೆ ಹೋಯಿತು.

ಅಲ್ಲಿಗೆ ನನ್ನ ಖುಷಿ ಇಳಿಯಿತು. ಇವನಿಗೆ ಬೇಕಾಗಿದ್ದದ್ದು ಗೋಡೌನ್ ಸಾಫ್ಟ್‌ವೇರ್ ಅಲ್ಲ, ಪೊಲೀಸು. ಆ ಪೊಲೀಸನಿಗೆ ನನ್ನ ಶಿಫಾರಸು ಬೇಕಿತ್ತು.

ಒಂದು ತಿಂಗಳು ಟೈಮ್ ಕೊಡು ಅಂದೆ. ಎರಡು ರೂಲ್ಡ್ ನೋಟ್‌ಬುಕ್ ತಂದೆ. ಒಂದು ಬಿಲ್ಲಿಂಗ್ ಟೇಬಲ್ ಮೇಲೆ, ಒಂದು ಬಾಗಿಲಲ್ಲಿ. ಏನೇ ತಪ್ಪಾಗಲಿ, ಒಂದು ಸಾಲು ಬರೀರಿ. ಯಾರು ಮಾಡಿದ್ದು ಅಂತ ಬರೀಬೇಡಿ, ಏನಾಯ್ತು ಅಂತ ಬರೀರಿ. ಇದನ್ನು ಎಲ್ಲರಿಗೂ ಎರಡೆರಡು ಸಲ ಹೇಳಬೇಕಾಯಿತು. ಮೊದಲ ವಾರ ಪುಸ್ತಕ ಖಾಲಿ. ಎರಡನೇ ವಾರ ಚಿಕ್ಕಪ್ಪನೇ ತಮ್ಮ ತಪ್ಪೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದರು, ಆಮೇಲೆ ಉಳಿದವರ ಕೈ ಬಂತು. ಹಾಗಾಗಿ ಒಂದು ವಾರ ಮುಂದೆ ಹಾಕಿ, ಪೂರ್ತಿ ನಾಲ್ಕು ವಾರದ ಲೆಕ್ಕ ಹಿಡಿದೆವು.

ಒಟ್ಟು 31 ತಪ್ಪು. ಅದರಲ್ಲಿ 17 ಬಾಗಿಲಲ್ಲೇ ಆದದ್ದು. ಮಾಲು ರಾತ್ರಿ ಬರುತ್ತೆ, ಯಾಕೆಂದರೆ ಹಗಲಲ್ಲಿ ದೊಡ್ಡ ಲಾರಿಗೆ ಈ ರಸ್ತೆಯ ಕಷ್ಟ ಬೇಡ. ಇಳಿಸಿಕೊಳ್ಳೋ ಹುಡುಗರು ನಿದ್ದೆಗಣ್ಣಲ್ಲಿ ಎಣಿಸ್ತಾರೆ, ಇನ್ವಾಯ್ಸ್ ಡ್ರೈವರ್ ಜೇಬಲ್ಲೋ ಮೇಜಿನ ಡ್ರಾದಲ್ಲೋ ಉಳಿದು ಮೂರು ದಿನ ಬಿಟ್ಟು ಟ್ಯಾಲಿಗೆ ಏರುತ್ತೆ. ಅಷ್ಟರಲ್ಲಿ ಆ ಮಾಲಿನಲ್ಲಿ ಅರ್ಧ ಮಾರಿ ಆಗಿರುತ್ತೆ, ಕಂಪ್ಯೂಟರಿನಲ್ಲಿ ಸ್ಟಾಕು ಮೈನಸ್. ಇನ್ನು 8 ತಪ್ಪು ಹೆಸರಿನದು, ಅಳತೆಯದು: ಬಾಕ್ಸ್ ಅಂತ ಬರೆಯೋ ಕಡೆ ಪೀಸು, ಪೀಸಿನ ಕಡೆ ಬಾಕ್ಸು. 4 ಸಲ ತಪ್ಪು ಸಾಮಾನು ಎತ್ತಿ ಕಳಿಸಿದ್ದು. ಇದ್ದೂ ಸಿಗದೇ ಹೋದದ್ದು ಬರೀ 2.

ಡೆಮೋದಲ್ಲಿ ಮುಕ್ಕಾಲು ಗಂಟೆ ತೋರಿಸಿದ್ದು ಕೊನೆಯ ಈ ಎರಡು ಥರದ ತಪ್ಪಿನ ಮದ್ದನ್ನು. ಈ 6 ತಪ್ಪಿಗೆ ಆದ ಖರ್ಚು ಏನು ಅಂತ ನೋಡಿದರೆ, ಟಾಟಾ ಏಸ್ ಗಾಡಿ ಆರು ಸಲ ಹೋಗಿ ಬಂದ ಬಾಡಿಗೆ ಮತ್ತು ಒಬ್ಬ ಕಂಟ್ರ್ಯಾಕ್ಟರಿನ ಬೈಗುಳ. 4 ಲಕ್ಷದ ಹತ್ತಿರಕ್ಕೂ ಬರಲ್ಲ.

ಇನ್ನು ಆ 14 ಕಾಯಿಲ್. ಇದಕ್ಕೆ ನಾನು ಎರಡು ಶನಿವಾರ ಕೂತೆ. ಮನೆ ವೈರಿಂಗಿನ ಕಾಯಿಲ್ ಸಾಮಾನ್ಯವಾಗಿ 90 ಮೀಟರ್ ಬರುತ್ತೆ. ದೊಡ್ಡ ಕಟ್ಟಡದ ಕೆಲಸಕ್ಕೆ 180 ಮೀಟರಿನದೂ ಇರುತ್ತೆ. ಟ್ಯಾಲಿಯಲ್ಲಿ ಎರಡಕ್ಕೂ ಒಂದೇ ಹೆಸರು, ಒಂದೇ ಅಳತೆ: ‘ಕಾಯಿಲ್’. ಪರ್ಚೇಸ್ ಹಾಕೋ ಅಕೌಂಟೆಂಟು 180ರದು ಒಂದು ಬಂದರೆ, 90ರ ಲೆಕ್ಕದಲ್ಲಿ 2 ಅಂತ ಏರಿಸ್ತಿದ್ದರು. ಅದು ಅವರ ಪ್ರಕಾರ ಸರಿ. ಕೌಂಟರಿನ ಹುಡುಗ ಅದನ್ನು ಮಾರುವಾಗ 1 ಕಾಯಿಲ್ ಅಂತ ಹಾಕಿ ರೇಟನ್ನು ಎರಡರಷ್ಟು ಮಾಡ್ತಿದ್ದ. ಅದೂ ಅವನ ಪ್ರಕಾರ ಸರಿ. ಹಣ ಪೈಸೆ ಬಿಡದೆ ಬಂದಿದೆ. ಆದರೆ ಇಂಥ ಪ್ರತಿ ಮಾರಾಟಕ್ಕೂ ಕಂಪ್ಯೂಟರಿನಲ್ಲಿ ಇಲ್ಲದ ಒಂದು ಕಾಯಿಲ್ ಹುಟ್ಟಿಕೊಳ್ಳುತ್ತೆ. ವರ್ಷದ ಬಿಲ್ಲುಗಳನ್ನು ತೆಗೆದು ಡಬಲ್ ರೇಟಿನ ಸಾಲುಗಳನ್ನು ಹುಡುಕಿದೆ. 13 ಸಿಕ್ಕವು.

“ಇನ್ನೊಂದು?” ಅಂದ ತಮ್ಮ.

“ಅದನ್ನ ಇಲಿ ತಿಂತು ಅನ್ಕೋ” ಅಂದರು ಚಿಕ್ಕಪ್ಪ. ಆಗ ನನಗೆ ಗೊತ್ತಾಯಿತು, ಅವನು ಅಪ್ಪನ ಮುಂದೆ ಹೇಳದೆ ಇದ್ದದ್ದು ಅಪ್ಪನಿಗೆ ಯಾವತ್ತೋ ತಿಳಿದಿತ್ತು.

ತಮ್ಮ ಸುಮ್ಮನಾಗಲಿಲ್ಲ, ಆಗಬಾರದೂ ಕೂಡ. “ಸ್ಕ್ಯಾನಿಂಗ್ ಇದ್ದಿದ್ರೆ 90ಕ್ಕೆ ಒಂದು ಬಾರ್‌ಕೋಡು, 180ಕ್ಕೆ ಒಂದು. ಈ ತಪ್ಪೇ ಆಗ್ತಿರ್ಲಿಲ್ಲ” ಅಂದ. ನ್ಯಾಯವಾದ ಮಾತು. ಆದರೆ ಎರಡೂ ಬೇರೆ ಬೇರೆ ಐಟಂ ಅಂತ ಮೊದಲು ನಾವು ಹೇಳಿರಬೇಕಲ್ಲ. ಆ ಹುಡುಗ ನಮ್ಮ ಲಿಸ್ಟನ್ನು ‘ಹಾಗೇ’ ಏರಿಸ್ತೀನಿ ಅಂದಿದ್ದ. ಏರಿಸಿದ್ದರೆ ಅದೇ ಗೊಂದಲಕ್ಕೆ ಬಾರ್‌ಕೋಡು ಅಂಟಿಸಿ, ಕಾಯಿಲ್ ಮುಟ್ಟಿದ್ದು ಇಂಥವರು ಅಂತ ಟೈಮ್ ಸಮೇತ ಕಂಪ್ಯೂಟರ್ ತೋರಿಸುತ್ತಿತ್ತು. ಗೋಡೌನಿನ ಎಲ್ಲ ಕಾಯಿಲ್ ಮುಟ್ಟೋರು ಒಬ್ಬರೇ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ, ಯಾಕೆಂದರೆ ಮೊದಲ ಶನಿವಾರ ಬೇಕು ಅಂತ ತಲೆಯಾಡಿಸೋಕೆ ನಾನು ತಯಾರಾಗೇ ಬಂದಿದ್ದೆ.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು, ನಮ್ಮ ಆಫೀಸಿನಲ್ಲೇ ಎಷ್ಟೋ ಜನಕ್ಕೆ ಇದು ಸ್ಪಷ್ಟವಿಲ್ಲ. ‘ಎಷ್ಟಿದೆ’ ಅನ್ನೋದು ಒಂದು ಪ್ರಶ್ನೆ, ‘ಎಲ್ಲಿದೆ’ ಅನ್ನೋದು ಇನ್ನೊಂದು. ಎಷ್ಟಿದೆ ಅಂತ ಹೇಳೋಕೆ ಟ್ಯಾಲಿ ಥರದ ಲೆಕ್ಕದ ಸಾಫ್ಟ್‌ವೇರ್ ಸಾಕು. 1986ರಲ್ಲಿ ಶುರುವಾಗಿ ನಮ್ಮ ಬೆಂಗಳೂರಿನಿಂದಲೇ ನಡೆಯೋ ಕಂಪನಿಯದ್ದು, ಅದರಲ್ಲಿ ಒಂದಕ್ಕಿಂತ ಹೆಚ್ಚು ಗೋಡೌನು, ಒಂದೇ ವಸ್ತುವಿಗೆ ಎರಡು ಅಳತೆ, ಬ್ಯಾಚು ಎಲ್ಲ ಇಟ್ಟುಕೊಳ್ಳೋಕೆ ಜಾಗವಿದೆ. ಚಿಕ್ಕಪ್ಪನ ಕಡೆ ಯಾರೂ ಆ ಮೆನು ತೆರೆದೇ ಇರಲಿಲ್ಲ. ಗೋಡೌನ್ ಸಾಫ್ಟ್‌ವೇರ್ ಬೇಕಾಗೋದು ‘ಎಲ್ಲಿ’ ಅನ್ನೋದು ಮನುಷ್ಯನ ಕೈಮೀರಿದಾಗ. ಅಮೆಜಾನ್ ಥರದವರ ಗೋದಾಮಿನಲ್ಲಿ ಬಂದ ವಸ್ತುವನ್ನು ಖಾಲಿ ಇರೋ ಯಾವುದೋ ಗೂಡಿಗೆ ತುರುಕ್ತಾರೆ. ಶಾಂಪೂ ಪಕ್ಕ ಆಟದ ಸಾಮಾನು, ಅದರ ಪಕ್ಕ ಪುಸ್ತಕ. ನೆನಪಿಟ್ಟುಕೊಳ್ಳೋದು ಕಂಪ್ಯೂಟರು. ಅಲ್ಲಿ ಸಾಫ್ಟ್‌ವೇರ್ ನಿಂತರೆ ಒಂದು ಬಾಚಣಿಗೆಯೂ ಸಿಗಲ್ಲ. ಔಷಧಿ ಹೋಲ್‌ಸೇಲಿನವರದು ಇನ್ನೊಂದು ಕಥೆ. ಬ್ಯಾಚು, ಎಕ್ಸ್‌ಪೈರಿ ನೋಡಿ ಮೊದಲು ಹಾಳಾಗೋದನ್ನು ಮೊದಲು ಕಳಿಸಬೇಕು, ಒಂದು ಬ್ಯಾಚು ವಾಪಸ್ ಕೊಡಿ ಅಂದರೆ ಯಾರ್ಯಾರಿಗೆ ಹೋಗಿದೆ ಅಂತ ಹೇಳಬೇಕು. ಪಿವಿಸಿ ಬೆಂಡಿಗೆ ಎಕ್ಸ್‌ಪೈರಿ ಎಲ್ಲಿಂದ ಬರಬೇಕು?

ಹಾಗಂತ ದೊಡ್ಡವರಿಗೆಲ್ಲ ಅದು ಕೂಡಿ ಬಂದಿದೆ ಅಂತಲೂ ಅಲ್ಲ. ಅಮೆರಿಕದ ಫಾಕ್ಸ್‌ಮೇಯರ್ ಅನ್ನೋ ದೈತ್ಯ ಔಷಧಿ ವಿತರಕ ಕಂಪನಿ ದುಬಾರಿ ಸಾಫ್ಟ್‌ವೇರನ್ನೂ ಯಂತ್ರಗಳೇ ನಡೆಸೋ ಗೋದಾಮನ್ನೂ ಒಟ್ಟಿಗೆ ತರೋಕೆ ಹೋಗಿ, 1996ರಲ್ಲಿ ದಿವಾಳಿ ಅರ್ಜಿ ಹಾಕಿತು. ತಪ್ಪು ಯಾರದು ಅಂತ ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳ ಆಯಿತು.

ಇಷ್ಟು ಹೊತ್ತಿಗೆ ನನ್ನ ರಿಪೋರ್ಟ್ ರೆಡಿ. ಸಾಫ್ಟ್‌ವೇರ್ ಬೇಡ. ಮೇಸ್ತ್ರಿ ಇದ್ದಾರಲ್ಲ! ನನ್ನ ತಲೆಯಲ್ಲಿ ಆಗ ಅವರು ಒಂಥರಾ ಹೀರೋ ಆಗಿಬಿಟ್ಟಿದ್ದರು. ಹಳೇ ಕಾಲದ ನೆನಪಿನ ಶಕ್ತಿ ಇತ್ಯಾದಿ ಅಂತ ಒಂದು ಪೋಸ್ಟನ್ನೂ ಅರ್ಧ ಬರೆದಿದ್ದೆ.

ಆಗ ಮೇಸ್ತ್ರಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಒಂಬತ್ತು ದಿನ ರಜ.

ಎರಡನೇ ದಿನವೇ 25 ಎಂಎಂ ಬೆಂಡು ಸಿಗಲಿಲ್ಲ. ಟ್ಯಾಲಿ 600 ಇದೆ ಅನ್ನುತ್ತೆ, ಹುಡುಗರು ಇಲ್ಲ ಅಂತಾರೆ. ಸೈಟಿನಲ್ಲಿ ಎಲೆಕ್ಟ್ರಿಷಿಯನ್ನುಗಳು ಕೈಕಟ್ಟಿ ಕೂತಿದ್ದಾರೆ ಅಂತ ಕಂಟ್ರ್ಯಾಕ್ಟರು ಫೋನ್ ಮೇಲೆ ಫೋನು. ಕೊನೆಗೆ ಚಿಕ್ಕಪ್ಪ ಪಕ್ಕದ ರಸ್ತೆಯ ಅಂಗಡಿಯಿಂದ ಜಾಸ್ತಿ ರೇಟಿಗೆ ತರಿಸಿ, ಕಮ್ಮಿ ರೇಟಿಗೆ ಬಿಲ್ ಮಾಡಿದರು. ಆ ಒಂಬತ್ತು ದಿನದಲ್ಲಿ ನೋಟ್‌ಬುಕ್ಕಿನಲ್ಲಿ ಇದ್ದೂ ಸಿಗದ ಸಾಮಾನು 11. ತಿಂಗಳಿಗೆ 2 ಇದ್ದದ್ದು! ಮೇಸ್ತ್ರಿಗೆ ಫೋನ್ ಮಾಡಿದರೆ ಅವರೇನೋ ಹೇಳ್ತಾರೆ, ಆದರೆ ಅವರು ಹೇಳೋ ಜಾಗದ ಹೆಸರು ಹುಡುಗರಿಗೆ ಗೊತ್ತಿಲ್ಲ. ಹುಡುಗರಲ್ಲಿ ಇಬ್ಬರು ಬಿಹಾರದವರು, ಒಬ್ಬ ಒಡಿಶಾದವನು. ತಮ್ಮ ನನಗೆ ಒಂದೇ ಸಾಲಿನ ವಾಟ್ಸಾಪ್ ಹಾಕಿದ: “ಈಗ ಏನಂತೀಯಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನೋಟ್‌ಬುಕ್ಕು ಸುಳ್ಳು ಹೇಳಿರಲಿಲ್ಲ, ನಾನೇ ಅದನ್ನು ತಪ್ಪಾಗಿ ಓದಿದ್ದೆ. ‘ಎಲ್ಲಿ’ ಅನ್ನೋ ಪ್ರಶ್ನೆ ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಇತ್ತು, ಒಬ್ಬ ಮನುಷ್ಯ ಅದಕ್ಕೆ ದಿನಾ ಬಿಟ್ಟಿಯಾಗಿ ಉತ್ತರ ಕೊಡ್ತಾ ಇದ್ದರು.

ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದ ಶನಿವಾರ ನಾನೂ ಹೋದೆ. “ಒಂದು ಸುತ್ತು ತೋರ್ಸಿ ಮೇಸ್ತ್ರಿ, ನಾನು ಬರ್ಕೊಳ್ತೀನಿ” ಅಂದೆ. ನಡೆಯುತ್ತಾ ಹೋದರು. ಗಣೇಶನ ಕೆಳಗೆ, ಮೀಟರ್ ಬೋರ್ಡ್ ಪಕ್ಕ, ಅಮ್ಮಾವ್ರ ಬೀರು, ಹಳೇ ಬಾಗಿಲು, ಸೋರೋ ಮೂಲೆ. ಅಮ್ಮಾವ್ರ ಬೀರು ಅಂದರೆ ಚಿಕ್ಕಮ್ಮ ಮನೆಯಿಂದ ಕಳಿಸಿದ ಹಳೇ ಗಾಡ್ರೇಜು. ಸೋರೋ ಮೂಲೆಯಲ್ಲಿ ಪಿವಿಸಿ ಪೈಪು, ನೀರು ಬಿದ್ದರೆ ಅದಕ್ಕೇನಾಗಲ್ಲ ಅಂತ. ಎಂಸಿಬಿ, ಸ್ವಿಚ್ಚು ಗಣೇಶನ ಕೆಳಗೆ, ಗೋಡೌನಿನಲ್ಲೇ ಅತಿ ಒಣಗಿರೋ ಗೋಡೆ ಅದು, ಬಿಲ್ಲಿಂಗ್ ಟೇಬಲ್ಲಿನಿಂದ ನೇರವಾಗಿ ಕಾಣುತ್ತೆ. ಫ್ಯಾನು ಫೆಬ್ರವರಿಯಲ್ಲಿ ಬಾಗಿಲ ಹತ್ತಿರ ಬರುತ್ತೆ, ಜೂನಿನಲ್ಲಿ ಒಳಗೆ ಹೋಗುತ್ತೆ. ನಮ್ಮ ಕಂಪನಿಗಳು ಇದನ್ನು ಸ್ಲಾಟಿಂಗ್ ಅಂತ ಕರೆದು ಬೇರೆ ಮಾಡ್ಯೂಲ್ ಮಾಡಿ ಮಾರ್ತಾರೆ.

ಎಂಟು ಪುಟ ತುಂಬಿದ ಮೇಲೆ ಮೇಸ್ತ್ರಿ ನಿಂತರು. ಕನ್ನಡಕದ ಹಿಂದಿನ ಕಣ್ಣು ಕಾಣ್ತಿರಲಿಲ್ಲ.

“ಎಲ್ಲಾ ಬರ್ಕೊಂಡಾದ್ಮೇಲೆ ನಾನ್ಯಾಕಮ್ಮ ಬೇಕು?”

ಆ ಪ್ರಶ್ನೆ ನನಗೆ ಹೊಸದಲ್ಲ. ಹಿಂದಿನ ವರ್ಷ ನಮ್ಮ ಟೀಮಿನ ಸೀನಿಯರ್ ಒಬ್ಬರಿಗೆ ಎರಡು ವಾರ ‘ಕೆಟಿ’ ಕೊಡೋಕೆ ಹೇಳಿದ್ದರು. ತಮಗೆ ಗೊತ್ತಿರೋದನ್ನೆಲ್ಲ ಡಾಕ್ಯುಮೆಂಟ್ ಮಾಡಿ ನನಗೆ ಒಪ್ಪಿಸೋದು. ಮುಗಿದ ದಿನ ಸಂಜೆ ಅವರ ಐಡಿ ಕಾರ್ಡ್ ಕೆಲಸ ಮಾಡಲಿಲ್ಲ. ಬರೆದುಕೊಂಡವಳು ನಾನೇ. ಆ ಡಾಕ್ಯುಮೆಂಟು ಇವತ್ತಿಗೂ ನನ್ನ ಹೆಸರಿನಲ್ಲೇ ಇದೆ.

“ಹಾಗೇನಿಲ್ಲ ಮೇಸ್ತ್ರಿ” ಅಂದೆ. ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನೋಟ್‌ಬುಕ್ ಮುಚ್ಚಿ ಚಿಕ್ಕಪ್ಪನ ಹತ್ತಿರ ಹೋಗಿ, ಇದು ಇತ್ಯರ್ಥ ಆಗೋ ತನಕ ಒಂಬತ್ತನೇ ಪುಟ ಬರೆಯಲ್ಲ ಅಂದೆ.

ಚಿಕ್ಕಪ್ಪ ಸ್ವಲ್ಪ ಹೊತ್ತು ಆ 31ರ ಹಾಳೆ ನೋಡಿದರು. “ಹದಿನೇಳು ಬಾಗಿಲಲ್ಲೇ ಆಗಿದೆ ಅಂತೀಯಲ್ಲ, ಹಾಗಾದ್ರೆ ಬಾಗಿಲಿಗೆ ನನ್ನ ಅತಿ ಒಳ್ಳೇ ಮನುಷ್ಯನ್ನ ಕೂರಿಸ್ಬೇಕು ತಾನೇ? ಒಳಗೆ ಓಡಾಡೋಕೆ ಹುಡುಗ್ರಿದ್ದಾರೆ” ಅಂದರು. ಲಕ್ಷಾಂತರ ರೂಪಾಯಿ ಸಾಫ್ಟ್‌ವೇರ್ ಮಾರೋ ನನಗೆ ಇದು ಹೊಳೆದಿರಲಿಲ್ಲ. ಮೇಸ್ತ್ರಿಗೆ ಬಾಗಿಲಲ್ಲಿ ಒಂದು ಕುರ್ಚಿ, ಒಂದು ಮೇಜು, ಸಂಬಳಕ್ಕೆ ಎರಡು ಸಾವಿರ. ರಾತ್ರಿ ಬಂದ ಲೋಡನ್ನು ಬೆಳಿಗ್ಗೆ ಅವರು ಎಣಿಸಿ ಸೈನ್ ಹಾಕೋ ತನಕ ಒಂದು ಬೆಂಡೂ ರ್‍ಯಾಕಿಗೆ ಏರೋ ಹಾಗಿಲ್ಲ.

ಉಳಿದದ್ದು ಬೇಗ ಆಯಿತು. ವೈರಿಗೆ ಮೀಟರ್ ಲೆಕ್ಕ, 90 ಮತ್ತು 180 ಬೇರೆ ಬೇರೆ ಐಟಂ. ರ್‍ಯಾಕುಗಳಿಗೆ ಬಣ್ಣ ಮತ್ತು ಅಂಕಿ; ಅಕ್ಷರ ಕನ್ನಡದ್ದಾದರೆ ಬಿಹಾರದವರಿಗೆ ಕಷ್ಟ, ಇಂಗ್ಲಿಷಿನದಾದರೆ ಮೇಸ್ತ್ರಿಗೆ ಕಷ್ಟ, ಹಸಿರು 4 ಅಂದರೆ ಎಲ್ಲರಿಗೂ ತಿಳಿಯುತ್ತೆ. ರಿಜಿಸ್ಟರಿನಲ್ಲಿ ಹಸಿರು 4ರ ಪಕ್ಕ ಮೇಸ್ತ್ರಿ ಇಟ್ಟ ಹೆಸರನ್ನೂ ಬರೆದೆ. ದಿನಾ ಸಂಜೆ 20 ಐಟಂ ಎಣಿಕೆ, ಹೆಚ್ಚು ಓಡೋ ಮಾಲನ್ನು ಪದೇ ಪದೇ, ಉಳಿದದ್ದನ್ನು ಯಾವಾಗಲೋ. ಒಟ್ಟು ಖರ್ಚು ಪೇಂಟು ಸೇರಿ ಐದು ಸಾವಿರದ ಒಳಗೆ.

ತಮ್ಮನ ಜೊತೆ ಒಂದು ಒಪ್ಪಂದವೂ ಆಯಿತು. ಅದು ಅಮ್ಮಾವ್ರ ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆಯಲ್ಲಿ ಅಂಟಿಸಿದೆ. ಹೊಸಕೋಟೆಯಲ್ಲಿ ಎರಡನೇ ಗೋಡೌನ್ ತೆಗೆದ ದಿನ, ಅಥವಾ ಮೇಸ್ತ್ರಿ ಬಾಗಿಲಲ್ಲಿ ಇದ್ದಾಗಲೂ ‘ಇದ್ದೂ ಸಿಗದ್ದು’ ತಿಂಗಳಿಗೆ ಹತ್ತು ದಾಟಿದರೆ, ಅಥವಾ ಸಂಜೆ ಎಣಿಕೆಯೂ ಟ್ಯಾಲಿಯೂ ಮೂರು ತಿಂಗಳು ಸತತ ಹೊಂದಿಕೊಂಡರೆ, ಸಾಫ್ಟ್‌ವೇರ್ ಕೊಳ್ಳೋ ಮಾತನ್ನು ಮತ್ತೆ ತೆಗೆಯೋದು. ಈ ಮೂರನೆಯದು ನಾನು ಸೇರಿಸಿದ್ದು. ಲೆಕ್ಕ ಸರಿ ಇದ್ದಾಗ ತಗೊಂಡರೆ ಅದರಿಂದ ಉಪಯೋಗ ಇದೆ. ಲೆಕ್ಕ ಕೆಟ್ಟಾಗ ತಗೊಂಡರೆ ಮತ್ತೆ ಕಾಯಿಲ್ ಕಥೆಯೇ. ತಮ್ಮನಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ಹೊಸಕೋಟೆಯಲ್ಲಿ ಈಗಲೇ ಜಾಗ ನೋಡ್ತಿದ್ದಾನೆ. ನೋಡಲಿ. ಆ ಗೋಡೌನಿನಲ್ಲಿ ಮೇಸ್ತ್ರಿ ಇರಲ್ಲ, ಅಲ್ಲಿಗೆ ಮೊದಲ ದಿನದಿಂದಲೇ ಬೇಕಾದರೂ ಬೇಕಾಗಬಹುದು.

ಡೆಮೋ ಹುಡುಗ ಈಗಲೂ ಶುಕ್ರವಾರ ಶುಕ್ರವಾರ ಫೋನ್ ಮಾಡ್ತಾನಂತೆ. ಮೊನ್ನೆ ಹೋದಾಗ ಮಾಡಿಗೆ ಹೊಸ ತಗಡು ಹಾಕಿಸಿದ್ದರು, ಸೋರೋ ಮೂಲೆ ಈಗ ಸೋರಲ್ಲ. ಹೋದ ವಾರ ಸೇರಿದ ಬಿಹಾರದ ಹುಡುಗ ಪೈಪಿನ ಕಟ್ಟು ಹೆಗಲ ಮೇಲಿಟ್ಟುಕೊಂಡು ನಿಂತಿದ್ದ. ಮೇಸ್ತ್ರಿ ಕುರ್ಚಿಯಿಂದಲೇ “ನೀಲಿ ಏಳು” ಅಂದರು. ಅವನಿಗೆ ನೀಲಿ ಅರ್ಥವಾಯಿತು, ಏಳು ಆಗಲಿಲ್ಲ. ಹಳೇ ಹುಡುಗ ಒಳಗಿನಿಂದ ಕೂಗಿದ:

“ಅರೇ, ಸೋರೋ ಮೂಲೆ ಮೇ ರಖ್ ದೇ!”